ಸಹಿ ಹಾಕುವ ಮೊದಲು, ವಿಮಾನ ಹತ್ತುವ ಮೊದಲು: ವಿದೇಶದಿಂದ ಸರ್ಕಾರದ ನೆರವಿನಲ್ಲಿ ಊರಿಗೆ ಮರಳುವವರಿಗೆ

ಹೊನ್ನಾವರದ ನಮ್ಮ ಮನೆ ಜಗಲಿಯಲ್ಲಿ ಸಂಜೆ ಹೊತ್ತಿಗೆ ಯಾರಾದರೂ ಒಬ್ಬರು ಬಂದು ಕೂತಿರುತ್ತಾರೆ. ನಾನು ಶಾಲೆಯಿಂದ ನಿವೃತ್ತಿಯಾಗಿ ಆರು ವರ್ಷ ಆಯಿತು. ಅರ್ಜಿ ತುಂಬಿಸಿಕೊಳ್ಳಲು, ಇಂಗ್ಲಿಷ್ ಪತ್ರ ಓದಿಸಿಕೊಳ್ಳಲು ಹಳೇ ವಿದ್ಯಾರ್ಥಿಗಳೋ ಅವರ ಅಮ್ಮಂದಿರೋ ಬರುತ್ತಾರೆ. ಕಳೆದ ವರ್ಷ ಕಾಸರಕೋಡಿನಿಂದ ಒಬ್ಬ ತಾಯಿ ಬಂದಿದ್ದರು. ಗಲ್ಫ್‌ನಲ್ಲಿರುವ ಮಗ ವಾಟ್ಸ್ಆ್ಯಪ್‌ನಲ್ಲಿ ಒಂದು ಕಾಗದದ ಫೋಟೋ ಕಳಿಸಿದ್ದ. ಅರ್ಧ ಅರಬಿ, ಅರ್ಧ ಇಂಗ್ಲಿಷ್.

“ಅಕ್ಕೋರೆ, ಇದ್ರಲ್ಲಿ ಎಂತ ಬರ್ದಿದೆ ನೋಡಿ. ಸಹಿ ಹಾಕಿದ್ರೆ ಮನೆಗೆ ಕಳಿಸ್ತಾರಂತೆ. ಹಾಕೂದಾ, ಬ್ಯಾಡ್ವಾ?”

ಓದಿದೆ. ಮನೆಗೆ ಕಳಿಸುವ ಮಾತು ಕೊನೆಯ ಸಾಲಿನಲ್ಲಿತ್ತು. ಅದರ ಮೇಲಿನ ಸಾಲಿನಲ್ಲಿ, ನನಗೆ ಬರಬೇಕಾದ ಸಂಬಳ ಮತ್ತು ಬಾಕಿ ಎಲ್ಲವೂ ಸಿಕ್ಕಿದೆ, ಇನ್ನು ಯಾವ ತಕರಾರೂ ಇಲ್ಲ ಅಂತಿತ್ತು. ಹುಡುಗನಿಗೆ ಏಳು ತಿಂಗಳ ಸಂಬಳ ಬಾಕಿ ಇತ್ತು.

ಅವತ್ತಿನಿಂದ ಇದನ್ನೊಮ್ಮೆ ಸರಿಯಾಗಿ ಬರೆದಿಡಬೇಕು ಅಂದುಕೊಂಡಿದ್ದೆ. ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ, ಕಾರವಾರದ ಎಷ್ಟು ಮನೆಗಳು ಗಲ್ಫ್ ದುಡಿಮೆಯ ಮೇಲೆ ನಿಂತಿವೆ ಅಂತ ನಿಮಗೇ ಗೊತ್ತು. ಈಗ ಶಿರಸಿ, ಸಿದ್ದಾಪುರದ ಕಡೆಯ ಮಕ್ಕಳು ಓದಲು ಬ್ರಿಟನ್, ಜರ್ಮನಿಗೂ ಹೋಗುತ್ತಿದ್ದಾರೆ. ಹೋಗುವುದು ಹೇಗೆ ಅಂತ ಹೇಳುವವರು ಊರ ತುಂಬ ಇದ್ದಾರೆ. ವೀಸಾ ಮುಗಿದು, ಕೆಲಸ ಹೋಗಿ, ಪಾಸ್‌ಪೋರ್ಟ್ ಯಾರದೋ ಕೈಯಲ್ಲಿದ್ದಾಗ ವಾಪಸ್ ಬರುವುದು ಹೇಗೆ ಅಂತ ಹೇಳುವವರು ಕಡಿಮೆ.

ನಾನು ಕಂಡುಕೊಂಡದ್ದು ಇಷ್ಟು. ಅಲ್ಲಿ ಮಾಡಬೇಕಾದ ಕೆಲಸ ಅಲ್ಲೇ ಆಗಬೇಕು. ವಿಮಾನ ಹತ್ತಿದ ಮೇಲೆ ಅದರಲ್ಲಿ ಮುಕ್ಕಾಲು ಪಾಲು ಕೈಗೆ ಸಿಗುವುದಿಲ್ಲ. ಹಾಗಾಗಿ ಹೆಜ್ಜೆಗಳ ಅನುಕ್ರಮ ತಪ್ಪಬಾರದು.

ಮೊದಲು ತಿಳಿಯಬೇಕಾದ್ದು: ಇದು ಯಾವ ಬಗೆಯ ವಾಪಸಾತಿ?

ಊರಿಗೆ ಕಳಿಸುತ್ತೇವೆ ಅನ್ನುವ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿ ಇರಬಹುದು.

ಒಂದು, ಆ ದೇಶದ ಸರ್ಕಾರ ನಡೆಸುವ ಸ್ವಇಚ್ಛೆಯ ವಾಪಸಾತಿ ಯೋಜನೆ. ಕಾಗದಪತ್ರ ಇಲ್ಲದವರು, ಆಶ್ರಯದ ಅರ್ಜಿ (ಊರಿಗೆ ಮರಳಿದರೆ ಅಪಾಯ ಇದೆ, ಇಲ್ಲೇ ಇರಲು ಬಿಡಿ ಅನ್ನುವ ಅರ್ಜಿ) ತಿರಸ್ಕಾರವಾದವರು ಅಥವಾ ಅರ್ಜಿ ಹಿಂದೆ ಪಡೆಯುವವರು ತಾವಾಗಿಯೇ ಹೊರಟರೆ ಟಿಕೆಟ್ ಕೊಡುತ್ತಾರೆ. ಕೆಲವು ಕಡೆ ಊರಿನಲ್ಲಿ ಬದುಕು ಶುರು ಮಾಡಲು ಒಂದಿಷ್ಟು ಹಣವನ್ನೂ ಕೊಡುತ್ತಾರೆ. ಜರ್ಮನಿಯಲ್ಲಿ ಇಂಥ ಯೋಜನೆ 1979ರಲ್ಲೇ ಶುರುವಾಯಿತು. ಅದನ್ನು ನಡೆಸಿಕೊಂಡು ಬಂದಿದ್ದು ಐಒಎಂ, ಅಂದರೆ ಈಗ ವಿಶ್ವಸಂಸ್ಥೆಯ ಭಾಗವಾಗಿರುವ ಅಂತರರಾಷ್ಟ್ರೀಯ ವಲಸೆ ಸಂಸ್ಥೆ. ಯುರೋಪಿನ ಬೇರೆ ಹಲವು ದೇಶಗಳಲ್ಲೂ ಇಂಥ ಕೆಲಸ ಮಾಡುವುದು ಇದೇ ಸಂಸ್ಥೆ.

ಎರಡು, ಗಲ್ಫ್ ದೇಶಗಳ ಕ್ಷಮಾದಾನ. ನಮ್ಮವರ ಬಾಯಲ್ಲಿ ಇದು ಅಮ್ನೆಸ್ಟಿ. ಇಂತಿಷ್ಟು ದಿನದೊಳಗೆ ಹೊರಟರೆ ದಂಡ ಇಲ್ಲ, ಜೈಲಿಲ್ಲ ಅಂತ ಸರ್ಕಾರ ಪ್ರಕಟಿಸುತ್ತದೆ. ಯುಎಇ 2018ರಲ್ಲಿ ಕೊಟ್ಟಿತ್ತು. ಮತ್ತೆ 2024ರ ಸೆಪ್ಟೆಂಬರ್ 1ರಿಂದ ಎರಡು ತಿಂಗಳು ಅಂತ ಹೇಳಿ ಆಮೇಲೆ ಡಿಸೆಂಬರ್ 31ರವರೆಗೆ ಎಳೆಯಿತು. ಕುವೈತ್ 2018, 2020 ಮತ್ತು 2024ರಲ್ಲಿ ಕೊಟ್ಟಿತು. ಸೌದಿ 2017ರಲ್ಲಿ 90 ದಿನಗಳ ಅವಕಾಶ ಕೊಟ್ಟಿತ್ತು. ಇದರಲ್ಲಿ ಸಾಮಾನ್ಯವಾಗಿ ಟಿಕೆಟ್ ದುಡ್ಡು ನಿಮ್ಮದೇ.

ಮೂರು, ನಮ್ಮದೇ ಭಾರತ ಸರ್ಕಾರದ ನೆರವು. ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಇದೆ. ನಿಜವಾಗಿಯೂ ಕೈ ಬರಿದಾದವರಿಗೆ ಊಟ, ವಸತಿ, ವಕೀಲರ ನೆರವು, ಊರಿಗೆ ಬರುವ ಟಿಕೆಟ್ ಇವೆಲ್ಲ ಆ ನಿಧಿಯಿಂದ ಸಿಗಬಹುದು.

ನಾಲ್ಕನೆಯದು ಗಡೀಪಾರು. ಹಿಡಿದು, ಬೆರಳಚ್ಚು ತೆಗೆದು, ಕಳಿಸಿಬಿಡುವುದು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿದ್ದು ನೀವೂ ಟೀವಿಯಲ್ಲಿ ನೋಡಿರಬಹುದು. ಅವರಿಗೆ ಹಾಕಿದ್ದ ಸರಪಳಿಯ ಚಿತ್ರ ನೋಡಿ ನನಗೆ ಅವತ್ತು ಊಟ ಸೇರಲಿಲ್ಲ. ಯಾರ ಮಕ್ಕಳಾದರೇನು, ಅಲ್ವಾ?

ಮೊದಲ ಮೂರರಲ್ಲಿ ನಿಮ್ಮ ಒಪ್ಪಿಗೆ ಬೇಕು. ನಾಲ್ಕನೆಯದಕ್ಕೆ ಬೇಡ. ಕೈಯಲ್ಲಿರುವ ಕಾಗದ ಯಾವುದಕ್ಕೆ ಸೇರಿದ್ದು ಅಂತ ಗೊತ್ತಾಗುವವರೆಗೆ ಪೆನ್ನು ಎತ್ತಬೇಡಿ. ನನಗೆ ಅರ್ಥವಾಗುವ ಭಾಷೆಯಲ್ಲಿ ಬೇಕು ಅಂತ ಕೇಳಿ. ಹಿಂದಿಯಲ್ಲಾದರೂ ಓದಿ ಹೇಳಿ ಅನ್ನಿ. ಹಾಗೆ ಕೇಳುವುದು ಅಪರಾಧ ಅಲ್ಲ.

ಭಯ ಇದ್ದವರು ಇಲ್ಲಿ ನಿಲ್ಲಿ

ಆಶ್ರಯ ಕೇಳಿರುವವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಊರಿಗೆ ಬಂದರೆ ಜೀವಕ್ಕೆ ಅಪಾಯ ಇದೆ ಅನ್ನುವುದು ನಿಜವಾಗಿದ್ದರೆ ಈ ದಾರಿ ನಿಮಗಲ್ಲ. ಜಾತಿ ಮೀರಿ ಮದುವೆಯಾದವರಿಗೆ ಬಂದ ಬೆದರಿಕೆ ಇರಬಹುದು, ಧರ್ಮದ ಕಾರಣ ಇರಬಹುದು. ಅರ್ಜಿ ಹಿಂದೆ ಪಡೆಯುವ ಮೊದಲು ವಲಸೆ ಕಾನೂನು ಗೊತ್ತಿರುವ ವಕೀಲರನ್ನು ಕಾಣಿ. ಒಮ್ಮೆ ಹಿಂದೆ ಪಡೆದ ಅರ್ಜಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು ಬಹಳ ಕಷ್ಟ. ಆಶ್ರಯ ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಡಗೋಡಿನಲ್ಲಿ ಟಿಬೆಟಿನವರು 1966ರಿಂದ ನಮ್ಮ ಜತೆಗೇ ಇದ್ದಾರೆ. ಊರಿಗೆ ಮರಳಲಾಗದವರು ಹೇಗಿರುತ್ತಾರೆ ಅಂತ ನಾವು ಕಣ್ಣಾರೆ ಕಂಡಿದ್ದೇವೆ.

ಆದರೆ ಇನ್ನೊಂದು ಬಗೆಯವರೂ ಇದ್ದಾರೆ. ಶಿರಸಿ ಕಡೆಯ ಒಬ್ಬ ಹುಡುಗ ಬ್ರಿಟನ್‌ಗೆ ಓದಲು ಹೋದ. ವೀಸಾ ಮುಗಿಯುವಾಗ ಅಲ್ಲಿನ ಒಬ್ಬ ಏಜೆಂಟ್, “ಸುಮ್ನೆ ಆಶ್ರಯಕ್ಕೆ ಅರ್ಜಿ ಹಾಕು, ಎರಡು ವರ್ಷ ತಳ್ಳಬಹುದು” ಅಂದನಂತೆ. ಕಥೆಯನ್ನೂ ಏಜೆಂಟನೇ ಬರೆದುಕೊಟ್ಟ. ಈಗ ಆ ಹುಡುಗ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದಾನೆ. ಅವನಂಥವರು ಸುಳ್ಳನ್ನು ಇನ್ನಷ್ಟು ಉದ್ದ ಮಾಡುವುದಕ್ಕಿಂತ ಬೇಗ ಸಲಹೆ ಪಡೆದು ಹೊರಡುವುದೇ ಒಳ್ಳೆಯದು. ಮೋಸ ಅಂತ ಸಾಬೀತಾದರೆ ಬ್ರಿಟನ್‌ನಲ್ಲಿ 10 ವರ್ಷದವರೆಗೆ ವೀಸಾ ಬಾಗಿಲು ಮುಚ್ಚಬಹುದು.

ಪಾಸ್‌ಪೋರ್ಟ್ ಕಿತ್ತುಕೊಂಡು, ಕೂಡಿಹಾಕಿ ದುಡಿಸಿಕೊಂಡವರಿಗೆ ಬೇರೆ ರಕ್ಷಣೆ ಇದೆ. ಅವರು ಮಾನವ ಕಳ್ಳಸಾಗಣೆಗೆ ಸಿಕ್ಕವರು. ವೀಸಾ ಮೀರಿ ಉಳಿದವರ ಸಾಲಿಗೆ ಅವರನ್ನು ಸೇರಿಸಲು ಬಿಡಬಾರದು. ಇದನ್ನು ಮೊದಲ ಮಾತುಕತೆಯಲ್ಲೇ ಹೇಳಬೇಕು.

ಕಾಗದ ಒಟ್ಟು ಮಾಡುವುದು: ಅರ್ಧ ಕೆಲಸ ಮನೆಯವರದ್ದು

ಪಾಸ್‌ಪೋರ್ಟ್ ಕೈಯಲ್ಲಿದ್ದು ಅವಧಿಯೂ ಇದ್ದರೆ ನೀವು ಪುಣ್ಯವಂತರು. ಇಲ್ಲದಿದ್ದರೆ ರಾಯಭಾರ ಕಚೇರಿಯಿಂದ ತುರ್ತು ಪ್ರಮಾಣಪತ್ರ ಪಡೆಯಬೇಕು. ಗಲ್ಫ್‌ನಲ್ಲಿ ಇದನ್ನು ಔಟ್ ಪಾಸ್ ಅಂತಲೂ ಕರೆಯುತ್ತಾರೆ. ಇದು ಭಾರತಕ್ಕೆ ಒಂದು ಬಾರಿ ಬರಲು ಮಾತ್ರ.

ಇದನ್ನು ಕೊಡುವ ಮೊದಲು ನೀವು ಭಾರತೀಯರೇ ಅಂತ ಅವರಿಗೆ ಖಾತ್ರಿಯಾಗಬೇಕು. ಹಳೇ ಪಾಸ್‌ಪೋರ್ಟಿನ ಪ್ರತಿ ಇದ್ದರೆ ಬೇಗ ಆಗುತ್ತದೆ. ಇಲ್ಲದಿದ್ದರೆ ವಿಚಾರಣೆ ಊರಿನ ತನಕ ಬರುತ್ತದೆ. ಪೊಲೀಸರು ಮನೆ ಬಾಗಿಲಿಗೆ ಬಂದು ಕೇಳಬಹುದು. ಇಲ್ಲಿ ನಮ್ಮವರು ಹೆದರಿ ತಪ್ಪು ಮಾಡುತ್ತಾರೆ. ಒಮ್ಮೆ ಒಬ್ಬ ಅಜ್ಜಿ, ಮೊಮ್ಮಗನನ್ನು ಹಿಡಿಯಲು ಬಂದಿದ್ದಾರೆ ಅಂದುಕೊಂಡು “ಅವ ನಮ್ಮನೆಯವನೇ ಅಲ್ಲ” ಅಂದುಬಿಟ್ಟಿದ್ದರು. ಆ ಒಂದು ಮಾತಿನಿಂದ ಹುಡುಗ ಅಲ್ಲಿ ಎರಡು ತಿಂಗಳು ಜಾಸ್ತಿ ಇರಬೇಕಾಯಿತು.

ಹಾಗಾಗಿ ಮನೆಯವರು ಇವನ್ನು ಒಂದು ಲಕೋಟೆಯಲ್ಲಿ ಹಾಕಿ ತಯಾರಿಡಿ: ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಪ್ರತಿ, ವೀಸಾ ಪ್ರತಿ, ಶಾಲೆಯ ಟೀಸಿ, ಜನನ ಪ್ರಮಾಣಪತ್ರ, ರೇಷನ್ ಕಾರ್ಡ್, ಮತದಾರರ ಚೀಟಿ, ಆಧಾರ್. ಎಲ್ಲದರ ಫೋಟೋ ತೆಗೆದು ಹೋದವರ ಮೊಬೈಲಿಗೂ ಕಳಿಸಿ. ಅಲ್ಲಿಂದ ಕೆಲಸದ ಕರಾರು, ಇಕಾಮಾ (ಸೌದಿಯ ವಾಸದ ಪರವಾನಗಿ) ಅಥವಾ ಗುರುತಿನ ಚೀಟಿ, ಸಂಬಳ ಬಂದ ಬ್ಯಾಂಕ್ ಪುಟಗಳ ಫೋಟೋ ತರಿಸಿಕೊಳ್ಳಿ. ಅವರ ಮೊಬೈಲ್ ಕಳೆದರೂ ನಿಮ್ಮ ಹತ್ತಿರ ಇರುತ್ತದೆ. ಈ ಕೆಲಸಕ್ಕೆ ಕಷ್ಟ ಬರುವ ತನಕ ಕಾಯಬೇಡಿ. ಇವತ್ತೇ ಮಾಡಬಹುದು.

ಮನೆಯವರು ಮಾಡಬಹುದಾದ ಇನ್ನೊಂದು ಕೆಲಸ ಮದದ್. ಇದು ವಿದೇಶಾಂಗ ಸಚಿವಾಲಯ 2015ರಲ್ಲಿ ಶುರು ಮಾಡಿದ ದೂರಿನ ಜಾಲತಾಣ. ಊರಲ್ಲಿ ಕೂತೇ ದೂರು ದಾಖಲಿಸಬಹುದು. ಅದು ಆಯಾ ದೇಶದ ನಮ್ಮ ರಾಯಭಾರ ಕಚೇರಿಗೆ ಹೋಗುತ್ತದೆ. ಒಂದು ನೋಂದಣಿ ಸಂಖ್ಯೆ ಕೊಡುತ್ತಾರೆ. ಅದನ್ನು ಕ್ಯಾಲೆಂಡರಿನ ಹಿಂದೆಯಾದರೂ ಸರಿ, ಬರೆದಿಡಿ. ಫೋನ್ ಮಾಡಬೇಕಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090. ದುಬೈಯಲ್ಲಿರುವವರಿಗೆ ಅಲ್ಲಿನ ಕೇಂದ್ರದ ಸಂಖ್ಯೆ 800 46342. ಜಿಲ್ಲಾಧಿಕಾರಿಗಳಿಗೆ ಒಂದು ಮನವಿ ಕೊಟ್ಟು ಸ್ವೀಕೃತಿ ಪಡೆಯುವುದೂ ಒಳ್ಳೆಯದು. 2018ರಲ್ಲಿ ದುಬೈಯಲ್ಲಿ ಮೀನುಗಾರಿಕೆಗೆ ಹೋಗಿದ್ದ ನಮ್ಮ ಜಿಲ್ಲೆಯವರು ಇರಾನಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಾಗ ಮನೆಯವರು ಅಧಿಕಾರಿಗಳ ಬಾಗಿಲು ತಟ್ಟುವುದನ್ನು ನಿಲ್ಲಿಸಲಿಲ್ಲ. ಹಾಗೆ ತಟ್ಟುತ್ತಲೇ ಇರಬೇಕು.

ಬಾಕಿ ಮತ್ತು ಕೇಸು: ಇಲ್ಲೇ ಜಾಸ್ತಿ ಹೊತ್ತು ಕೊಡಿ

ನನ್ನ ತಮ್ಮ ಹನ್ನೊಂದು ವರ್ಷ ಸೌದಿಯಲ್ಲಿ ದುಡಿದ. ಕಂಪನಿ ಮುಚ್ಚುವ ಹೊತ್ತಿಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೊಂದು ಕಾಗದಕ್ಕೆ ಸಹಿ ಹಾಕಿಸಿದರು. ಊರಿಗೆ ಹೋಗುವ ಕಾಗದ ಅಂತ ಹೇಳಿದ್ದರಂತೆ. ಅದು ರಾಜೀನಾಮೆ ಪತ್ರ. ಅಲ್ಲಿನ ಕಾನೂನಿನಲ್ಲಿ ಕೆಲಸ ಮುಗಿಸಿ ಹೊರಡುವಾಗ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಸೇವಾ ಮೊತ್ತ ಬರಬೇಕು. ತಾವಾಗಿಯೇ ರಾಜೀನಾಮೆ ಕೊಟ್ಟರೆ ಎರಡು ವರ್ಷದೊಳಗಿನವರಿಗೆ ಏನೂ ಇಲ್ಲ. ಎರಡರಿಂದ ಐದು ವರ್ಷದವರಿಗೆ ಮೂರರಲ್ಲಿ ಒಂದು ಪಾಲು, ಐದರಿಂದ ಹತ್ತು ವರ್ಷದವರಿಗೆ ಮೂರರಲ್ಲಿ ಎರಡು ಪಾಲು. ಹತ್ತು ದಾಟಿದವರಿಗೆ ಪೂರ್ತಿ. ತಮ್ಮನಿಗೆ ಹನ್ನೊಂದು ವರ್ಷ ಆಗಿದ್ದರಿಂದ ಪೂರ್ತಿ ಸಿಗಬೇಕಿತ್ತು. ಆದರೆ ಎಲ್ಲ ಸಂದಾಯವಾಗಿದೆ ಅನ್ನುವ ಸಾಲೂ ಅದೇ ಕಾಗದದಲ್ಲಿತ್ತು. ಊರಿಗೆ ಬಂದ ಮೇಲೆ ಕೇಳಲು ಹೋದರೆ ಕೇಳುವವರೇ ಇಲ್ಲ. ಅವನು ಆ ವಿಷಯ ಎತ್ತಿದರೆ ಈಗಲೂ ಎದ್ದು ಹೊರಗೆ ಹೋಗುತ್ತಾನೆ.

ಯುಎಇಯಲ್ಲಿ ಲೆಕ್ಕ ಬೇರೆ. ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ 30 ದಿನದ್ದು. ಮನೆಗೆಲಸದವರಿಗೆ ಎರಡೂ ದೇಶದಲ್ಲಿ ಬೇರೆ ನಿಯಮ ಇದೆ. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ರಾಯಭಾರ ಕಚೇರಿಯ ಕಾರ್ಮಿಕ ವಿಭಾಗಕ್ಕೆ ಹೋಗಿ. ಅಲ್ಲಿನ ಕಾರ್ಮಿಕ ಇಲಾಖೆಯಲ್ಲಿ ದೂರು ದಾಖಲಿಸಲು ದಾರಿ ಹೇಳುತ್ತಾರೆ.

ಸಂಬಳದ ದೂರು ಮುಗಿಯುವ ತನಕ ಕಾಯಲು ಆಗುವುದಿಲ್ಲ, ಅಮ್ಮನಿಗೆ ಹುಷಾರಿಲ್ಲ, ಅಮ್ನೆಸ್ಟಿ ಗಡುವು ಮುಗಿಯುತ್ತಿದೆ. ಇಂಥ ಸಂದರ್ಭ ಬಂದೇ ಬರುತ್ತದೆ. ಆಗ ದೂರು ದಾಖಲಿಸಿ, ಅದರ ಸಂಖ್ಯೆ ಪಡೆದು, ನಂಬಿಕಸ್ಥರ ಹೆಸರಿಗೆ ಅಥವಾ ವಕೀಲರ ಹೆಸರಿಗೆ ಮುಖ್ತ್ಯಾರ್ ಪತ್ರ ಮಾಡಿಕೊಟ್ಟು ಹೊರಡಿ. ನಮ್ಮಲ್ಲಿ ಜಮೀನಿನ ವ್ಯವಹಾರಕ್ಕೆ ಜಿಪಿಎ ಅನ್ನುತ್ತೇವಲ್ಲ, ಅದೇ. ಅಲ್ಲಿ ಇದ್ದಾಗ ಇದು ಒಂದು ದಿನದ ಕೆಲಸ. ಕಾರವಾರದಲ್ಲಿ ಕೂತು ಮಾಡಿಸಲು ಹೋದರೆ ನೋಟರಿಯಿಂದ ಹಿಡಿದು ಆ ದೇಶದ ದೂತಾವಾಸದ ತನಕ ಮುದ್ರೆಗಾಗಿ ಅಲೆಯಬೇಕು.

ಇನ್ನು ಕೇಸುಗಳು. ಕೆಲಸ ಬಿಟ್ಟು ಓಡಿಹೋಗಿದ್ದೀರಿ ಅಂತ ಮಾಲೀಕ ನಿಮ್ಮ ಮೇಲೆ ಪರಾರಿ ದೂರು ಕೊಟ್ಟಿದ್ದಾನೋ ನೋಡಿಕೊಳ್ಳಿ. ಸೌದಿಯಲ್ಲಿ ಇದಕ್ಕೆ ಹುರೂಬ್ ಅನ್ನುತ್ತಾರೆ. ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್, ಬೌನ್ಸ್ ಆದ ಚೆಕ್, ಟ್ರಾಫಿಕ್ ದಂಡ, ಪೊಲೀಸ್ ಕೇಸು ಇವೆಯೋ ನೋಡಿ. ಕ್ಷಮಾದಾನದಲ್ಲಿ ಮನ್ನಾ ಆಗುವುದು ವೀಸಾ ಮೀರಿ ಉಳಿದ ದಂಡ. ಬ್ಯಾಂಕಿನ ಸಾಲ ಮನ್ನಾ ಆಗುವುದಿಲ್ಲ. ಪ್ರಯಾಣ ನಿಷೇಧ ಇದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಟಿಕೆಟ್ ದುಡ್ಡೂ ಹೋಗುತ್ತದೆ, ಮನುಷ್ಯನೂ ಒಳಗೆ ಹೋಗುತ್ತಾನೆ. ಆದ್ದರಿಂದ ಟಿಕೆಟ್ ಕೊನೆಗೆ.

ಅರ್ಜಿ ಹಾಕುವುದು

ಗಲ್ಫ್‌ನಲ್ಲಿರುವವರು ಮೊದಲು ರಾಯಭಾರ ಕಚೇರಿಗೆ ಹೋಗಬೇಕು, ಆಮೇಲೆ ಆ ದೇಶದ ವಲಸೆ ಇಲಾಖೆಗೆ. ಅಮ್ನೆಸ್ಟಿ ಇದ್ದಾಗ ಗಡುವಿನ ಕೊನೆಯ ವಾರದ ನೂಕುನುಗ್ಗಲಿಗೆ ಕಾಯಬೇಡಿ. ಗಡುವು ಮುಂದೆ ಹೋಗುತ್ತದೆ ಅಂತ ನಂಬಿ ಕೂರುವುದೂ ಬೇಡ. ಒಮ್ಮೆ ಮುಂದೆ ಹೋಗಿದ್ದು ನಿಜ, ಪ್ರತಿ ಸಲ ಹೋಗಬೇಕು ಅಂತ ಇಲ್ಲ. ಯುಎಇ 2024ರಲ್ಲಿ ಹೊರಟವರಿಗೆ ಮರುಪ್ರವೇಶದ ನಿಷೇಧ ಹಾಕಲಿಲ್ಲ. ಹೊಸ ವೀಸಾದಲ್ಲಿ ಮತ್ತೆ ಹೋಗಬಹುದಿತ್ತು. ಆದರೆ ವೀಸಾ ಇಲ್ಲದೆ ಕಳ್ಳದಾರಿಯಲ್ಲಿ ಒಳಗೆ ಬಂದವರಿಗೆ ಆ ಅವಕಾಶ ಇರಲಿಲ್ಲ. ಪ್ರತಿ ಅಮ್ನೆಸ್ಟಿಯ ನಿಯಮ ಬೇರೆ. ರೂಮಿನ ಗೆಳೆಯ ಹೋದ ಸಲ ಹೇಗೆ ಬಂದ ಅನ್ನುವುದರ ಮೇಲೆ ಈ ಸಲದ ಲೆಕ್ಕ ಹಾಕಬೇಡಿ. ಔಟ್ ಪಾಸ್ ಬೇಗ ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳುವವರು ಕಚೇರಿ ಹೊರಗೆ ನಿಂತಿರುತ್ತಾರೆ. ಅವರ ಕೈಗೆ ಒಂದು ದಿರ್ಹಮ್ ಕೂಡ ಕೊಡಬೇಡಿ.

ಬ್ರಿಟನ್‌ನಲ್ಲಿ ಗೃಹ ಇಲಾಖೆಯದ್ದೇ ಸ್ವಯಂ ವಾಪಸಾತಿ ಸೇವೆ ಇದೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅಲ್ಲಿಂದಲೇ ಫೋನ್ ಮಾಡುವುದಾದರೆ 0300 004 0202. ಪ್ರಯಾಣದ ಕಾಗದ ಮಾಡಿಸಲು ನೆರವು, ಟಿಕೆಟ್, ಅರ್ಹರಿಗೆ 3,000 ಪೌಂಡ್‌ವರೆಗೆ ಹಣ. ಈ ಹಣ ಎಲ್ಲರಿಗೂ ಅಲ್ಲ. ಆಶ್ರಯದ ಅರ್ಜಿ ತಿರಸ್ಕಾರವಾದವರು, ಕಳ್ಳಸಾಗಣೆಗೆ ಸಿಕ್ಕವರು, ಚಿಕ್ಕ ಮಕ್ಕಳಿರುವ ಕುಟುಂಬ, ಬೀದಿಯಲ್ಲಿ ಮಲಗುವವರು, ಕಾಯಿಲೆಯವರು, ಇಂಥವರಿಗೆ. ಹೊರಡುವ ಮೊದಲು ಒಂದು ಕಾರ್ಡಿನಲ್ಲಿ ಹಾಕಿಕೊಡುತ್ತಾರೆ. ಆ ಕಾರ್ಡ್ ಊರಿಗೆ ಬಂದ ಮೇಲೆ ಮಾತ್ರ ನಡೆಯುತ್ತದೆ. ಆಶ್ರಯದ ಅರ್ಜಿ ಇದ್ದರೆ ಅದು ಸಾಮಾನ್ಯವಾಗಿ ರದ್ದಾಗುತ್ತದೆ ಅನ್ನುವುದು ನೆನಪಿರಲಿ.

ಯುರೋಪಿನಲ್ಲಿ ಹೊರಡಬೇಕು ಅನ್ನುವ ಆದೇಶ ಬಂದ ಮೇಲೆ ತಾವಾಗಿಯೇ ಹೊರಡಲು ಸಾಮಾನ್ಯವಾಗಿ 7ರಿಂದ 30 ದಿನ ಕೊಡುತ್ತಾರೆ. ಇದು 2008ರ ಯುರೋಪಿಯನ್ ನಿರ್ದೇಶನದಲ್ಲಿದೆ. ಆ ಪತ್ರವನ್ನು ಹೆದರಿ ಟ್ರಂಕಿನ ತಳದಲ್ಲಿ ಇಟ್ಟುಬಿಡಬೇಡಿ. ಅದರ ಮೇಲಿನ ತಾರೀಕೇ ಮುಖ್ಯ. ಗಡುವಿನೊಳಗೆ ಹೊರಟರೆ ಮರುಪ್ರವೇಶ ನಿಷೇಧ ತಪ್ಪಿಸಿಕೊಳ್ಳುವ ಅವಕಾಶ ಜಾಸ್ತಿ. ಮೀರಿದರೆ ಸಾಮಾನ್ಯವಾಗಿ ಐದು ವರ್ಷದವರೆಗೆ ಹಾಕಬಹುದು. ಜರ್ಮನಿಯಲ್ಲಿ ಹಲವು ಊರುಗಳಲ್ಲಿ ವಾಪಸಾತಿ ಸಲಹಾ ಕೇಂದ್ರಗಳಿರುತ್ತವೆ, ಅರ್ಜಿ ಅವುಗಳ ಮೂಲಕ ಹೋಗುತ್ತದೆ. ಸಲಹೆಗೆ ದುಡ್ಡಿಲ್ಲ.

ಅಮೆರಿಕ ಸರ್ಕಾರ 2025ರ ಮೇ ತಿಂಗಳಲ್ಲಿ, ಸಿಬಿಪಿ ಹೋಮ್ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿ ತಾವಾಗಿ ಹೊರಡುವವರಿಗೆ ಪ್ರಯಾಣದ ನೆರವಿನ ಜತೆ 1,000 ಡಾಲರ್ ಕೊಡುವುದಾಗಿ ಪ್ರಕಟಿಸಿತು. ಆದರೆ ಅಲ್ಲಿನ ವಲಸೆ ನ್ಯಾಯಾಲಯದಲ್ಲಿ ಪ್ರಕರಣ ಇದ್ದವರು ವಕೀಲರನ್ನು ಕೇಳದೆ ಹೊರಡಬಾರದು. ಹಾಜರಾಗಲಿಲ್ಲ ಅಂತ ನಿಮ್ಮ ಹಿಂದೆಯೇ ಗಡೀಪಾರು ಆದೇಶ ಆಗಬಹುದು. ಜತೆಗೆ ಅಕ್ರಮವಾಗಿ 180 ದಿನ ಮೀರಿ ಇದ್ದು ಹೊರಟವರಿಗೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ 10 ವರ್ಷ ಮತ್ತೆ ಒಳಗೆ ಬಿಡದ ನಿಯಮ ಇದೆ.

ಪುಕ್ಕಟೆ ಟಿಕೆಟ್ಟಿನ ಬೆಲೆ

ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಬ್ರಿಟನ್‌ನಲ್ಲಿ ವೀಸಾ ಮೀರಿ ಉಳಿದವರು ಸ್ವಂತ ಖರ್ಚಿನಲ್ಲಿ ಹೊರಟರೆ ಮುಂದಿನ ವೀಸಾಕ್ಕೆ 1 ವರ್ಷದ ತಡೆ. ಸರ್ಕಾರದ ಖರ್ಚಿನಲ್ಲಿ, ದೇಶ ಬಿಡಬೇಕು ಅನ್ನುವ ನೋಟಿಸ್ ಬಂದ ಆರು ತಿಂಗಳೊಳಗೆ ಹೊರಟರೆ 2 ವರ್ಷ. ಆರು ತಿಂಗಳು ಮೀರಿದ ಮೇಲೆ ಸರ್ಕಾರದ ಖರ್ಚಿನಲ್ಲಿ ಹೊರಟರೆ 5 ವರ್ಷ. ಹಿಡಿದು ಕಳಿಸಿದರೆ 10 ವರ್ಷ. ವೀಸಾ ಮುಗಿದು 30 ದಿನದೊಳಗೆ ಸ್ವಂತ ಖರ್ಚಿನಲ್ಲಿ ಹೊರಟವರಿಗೆ ಈ ತಡೆ ಇಲ್ಲ.

ಶಿರಸಿಯ ಹುಡುಗನ ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಟಿಕೆಟ್ ತೆಗೆಸಬಲ್ಲರು. ಅವರಿಗೆ ಸ್ವಂತ ಖರ್ಚೇ ಲಾಭ. ಕೈಯಲ್ಲಿ ಏನೂ ಇಲ್ಲದೆ, ಮಗು ಕಟ್ಟಿಕೊಂಡು ನಿಂತ ಹೆಣ್ಣುಮಗಳಿಗೆ ಸರ್ಕಾರದ ಟಿಕೆಟ್ಟೇ ದೊಡ್ಡದು, ಮತ್ತೆ ಹೋಗುವ ಯೋಚನೆಯೂ ಅವಳಿಗಿಲ್ಲ. ಮತ್ತೆ ಆ ದೇಶಕ್ಕೆ ಹೋಗುವ ಆಸೆ ಇದೆಯೋ ಇಲ್ಲವೋ ಅಂತ ಮನೆಯವರೆಲ್ಲ ಕೂತು ಮೊದಲು ಮಾತಾಡಿ. ಉತ್ತರ ಅದರಲ್ಲೇ ಇದೆ.

ಹಣದ ನೆರವಿನ ಕಾಗದದಲ್ಲಿ ಮೂರು ವಿಷಯ ಹುಡುಕಿ. ಹಣ ಕೈಗೆ ಕೊಡುತ್ತಾರೋ ವಸ್ತುವಾಗಿ ಕೊಡುತ್ತಾರೋ. ಯಾವಾಗ, ಎಷ್ಟು ಕಂತು. ಮತ್ತು ಮುಂದೆ ಮರುಪಾವತಿ ಮಾಡಬೇಕು ಅನ್ನುವ ಮಾತು ಎಲ್ಲಾದರೂ ಇದೆಯೋ. ನಮ್ಮ ಸರ್ಕಾರದ ನೆರವಿನಲ್ಲಿ ಬರುವಾಗಲೂ ಈ ಮೂರನೆಯದನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಮತ್ತೊಂದು. ಸ್ವಇಚ್ಛೆ ಅಂದರೆ ಸ್ವಇಚ್ಛೆಯೇ. ಸಹಿ ಹಾಕಿದ ಮೇಲೂ ವಿಮಾನ ಹತ್ತುವ ಮೊದಲು ಮನಸ್ಸು ಬದಲಿಸಬಹುದು ಅನ್ನುವುದು ಐಒಎಂ ಒಪ್ಪಿಕೊಂಡ ರೀತಿ. ಹಾಗೆ ಬದಲಿಸಿದರೆ ಆ ದೇಶದ ವಲಸೆ ಇಲಾಖೆ ಮುಂದೇನು ಮಾಡುತ್ತದೆ ಅನ್ನುವುದನ್ನೂ ಕೇಳಿಟ್ಟುಕೊಳ್ಳಿ.

ಯಾವಾಗ ಬರಬೇಕು, ಏನು ತರಬೇಕು

ತಾರೀಕು ಆರಿಸುವ ಅವಕಾಶ ಇದ್ದರೆ ಊರಿನ ಋತು ನೋಡಿ ಆರಿಸಿ. ಮೀನುಗಾರಿಕೆಗೆ ಮರಳುವವರು ಜೂನ್‌ನಲ್ಲಿ ಬಂದಿಳಿದರೆ ಮಾಡುವುದೇನು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೈತಖೋಲದಿಂದ ಭಟ್ಕಳದವರೆಗೆ ಬೋಟುಗಳೆಲ್ಲ ದಡದಲ್ಲಿರುತ್ತವೆ. ಸಾಲ ಕೊಟ್ಟವರು ಮಾತ್ರ ಮಳೆಯಲ್ಲೂ ಮನೆಗೆ ಬರುತ್ತಾರೆ. ಕೈಯಲ್ಲಿ ಎರಡು ತಿಂಗಳಿಗೆ ದುಡ್ಡಿದ್ದರೆ ಸರಿ. ಇಲ್ಲದಿದ್ದರೆ ಜುಲೈ ಕೊನೆ ಒಳ್ಳೆಯದು.

ಬಿಪಿ, ಸಕ್ಕರೆ ಕಾಯಿಲೆ, ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಎರಡು ತಿಂಗಳ ಔಷಧ, ವೈದ್ಯರ ಚೀಟಿ, ಹಳೇ ವರದಿಗಳನ್ನು ತಪ್ಪದೆ ತನ್ನಿ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿದೆ ನಿಜ. ಆದರೆ ದೊಡ್ಡ ಕಾಯಿಲೆಗೆ ನಾವು ಇನ್ನೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೇ ಓಡಬೇಕು. ಯುರೋಪಿನ ಕೆಲವು ಯೋಜನೆಗಳಲ್ಲಿ ಬಂದ ಮೇಲಿನ ಚಿಕಿತ್ಸೆಗೂ ಸ್ವಲ್ಪ ಹಣ ಇರುತ್ತದೆ. ಅದನ್ನು ಅಲ್ಲಿಂದಲೇ ಬರೆಸಿಕೊಂಡು ಬರಬೇಕು.

ಟಿಕೆಟ್ ಅವರು ತೆಗೆಸುವುದಾದರೆ ಭಟ್ಕಳ, ಹೊನ್ನಾವರದವರು ಮಂಗಳೂರು, ಕಾರವಾರ, ಅಂಕೋಲಾದವರು ಗೋವಾ ಕೇಳಿ. ಸುಮ್ನೆ ಭಾರತ ಅಂತ ಬರೆದರೆ ದೆಹಲಿಗೆ ತಂದಿಳಿಸಬಹುದು. ಊರಿನ ತನಕದ ಪ್ರಯಾಣ ಖರ್ಚು ಸೇರಿದೆಯೋ ಅಂತಲೂ ಕೇಳಿ. ಮನೆಯವರೊಬ್ಬರು ನಿಲ್ದಾಣಕ್ಕೆ ಹೋಗಲಿ. ತುರ್ತು ಪ್ರಮಾಣಪತ್ರದಲ್ಲಿ ಬಂದವರನ್ನು ವಲಸೆ ಅಧಿಕಾರಿಗಳು ಒಂದಷ್ಟು ಹೊತ್ತು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿದರಾಯಿತು. ಆ ಪ್ರಮಾಣಪತ್ರವನ್ನು ಅಲ್ಲೇ ತೆಗೆದುಕೊಂಡುಬಿಡಬಹುದು. ಹಾಗಾಗಿ ಮೊದಲೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅದರ ಸಂಖ್ಯೆ, ತಾರೀಕು, ಕೊಟ್ಟ ಊರು ಕೇಳುತ್ತಾರೆ. ಗಡೀಪಾರು ಆಗಿದ್ದಿರಾ, ಸರ್ಕಾರದ ಖರ್ಚಿನಲ್ಲಿ ಬಂದಿದ್ದಿರಾ ಅಂತಲೂ ಕೇಳುತ್ತಾರೆ. ಮುಚ್ಚಿಡಬೇಡಿ. ಮುಚ್ಚಿಟ್ಟರೆ ಅದೇ ಹೊಸ ತೊಂದರೆ.

ಬಂದ ಮೇಲೆ

ಮೊದಲ ವಾರ ಸುಮ್ಮನಿರಲು ಬಿಡಿ. ಇದು ಮನೆಯವರಿಗೆ ನನ್ನ ಬೇಡಿಕೆ. ಎಷ್ಟು ತಂದೆ, ಮತ್ತೆ ಯಾವಾಗ ಹೋಗ್ತೆ ಅಂತ ಬಂದ ದಿನವೇ ಕೇಳಬೇಡಿ. ನನ್ನ ತಮ್ಮ ಬಂದಾಗ ಕೇಳಿದ್ದು ಇದನ್ನೇ, ಅದೂ ನಾನೇ ಕೇಳಿದೆ. ಇವತ್ತಿಗೂ ಅದು ಚುಚ್ಚುತ್ತದೆ.

ಆಮೇಲೆ ಬ್ಯಾಂಕಿಗೆ ಹೋಗಿ. ಅನಿವಾಸಿ ಖಾತೆಯನ್ನು ಸಾಮಾನ್ಯ ಖಾತೆಯಾಗಿ ಬದಲಿಸಬೇಕು. ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಸೇರಿಸಿ.

ವಸ್ತುವಾಗಿ ನೆರವು ಸಿಗುವ ಯೋಜನೆಯಾದರೆ ಒಂದು ವ್ಯವಹಾರದ ಯೋಜನೆ ಬರೆದು ಕೊಡಬೇಕಾಗುತ್ತದೆ. ಅಂಗಡಿಯಿಂದ ದರಪಟ್ಟಿ ತರಬೇಕು. ಹೆಚ್ಚಿನ ಕಡೆ ಹಣ ನೇರ ಅಂಗಡಿಯವರಿಗೇ ಹೋಗುತ್ತದೆ. ನಮ್ಮವರು ಇಲ್ಲಿ ಎಡವುತ್ತಾರೆ. ಭಾವನ ಹಳೇ ಬೋಟ್ ಇಂಜಿನ್ ಅಗ್ಗಕ್ಕೆ ಸಿಗುತ್ತದೆ ಅಂತ ಮಾತು ಮುಗಿಸಿರುತ್ತಾರೆ, ಅದಕ್ಕೆ ಬಿಲ್ ಇರುವುದಿಲ್ಲ. ಜಿಎಸ್‌ಟಿ ಬಿಲ್ ಕೊಡುವ ಅಂಗಡಿಯನ್ನೇ ಹಿಡಿಯಿರಿ. ಐಸ್ ಪೆಟ್ಟಿಗೆ, ಬಲೆ, ಹೊಲಿಗೆ ಯಂತ್ರ, ಮುರುಗಲು ಮತ್ತು ಅಪ್ಪೆಮಿಡಿ ಸಂಸ್ಕರಣೆಗೆ ಬೇಕಾದ ಪಾತ್ರೆ ಸಾಮಾನು, ಆಟೋ ರಿಪೇರಿ ಉಪಕರಣ, ಇಂಥವು ನಮ್ಮ ಕಡೆ ನಡೆಯುತ್ತವೆ. ಅರ್ಜಿಗೆ ಗಡುವು ಇರುತ್ತದೆ. ಮದುವೆ, ಹಬ್ಬ ಮುಗಿಯಲಿ ಅಂತ ಕಾಯಬೇಡಿ.

ಅದರ ಜತೆಗೆ ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸ್ವ ಉದ್ಯೋಗ ಸಾಲ ಸಬ್ಸಿಡಿಗೆ ಅರ್ಜಿ ತೆರೆದಿದೆಯೋ ವಿಚಾರಿಸಿ. ಮೀನುಗಾರರು ಮೀನುಗಾರಿಕೆ ಇಲಾಖೆಯಲ್ಲಿ ಕೇಳಬೇಕು. ವಿದೇಶದಲ್ಲಿ ಕಲಿತ ವೆಲ್ಡಿಂಗ್, ಎಸಿ ಕೆಲಸ, ಅಡುಗೆ ಇವಕ್ಕೆ ಅನುಭವ ಪತ್ರ ಇದ್ದರೆ ಬ್ಯಾಂಕಿನಲ್ಲಿ ತೂಕ ಜಾಸ್ತಿ. ಆ ಪತ್ರವನ್ನೂ ಅಲ್ಲಿಂದ ಹೊರಡುವ ಮೊದಲೇ ತರಬೇಕು.

ಕೊನೆಗೆ ಏಜೆಂಟ್. ನೋಂದಾಯಿತ ನೇಮಕಾತಿ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ನಮ್ಮ ಕರಾವಳಿಯಲ್ಲಿ ಒಂದೂವರೆ ಲಕ್ಷ, ಎರಡು ಲಕ್ಷ ಕೊಟ್ಟು ಹೋದವರಿದ್ದಾರೆ, ರಸೀದಿಯೂ ಇಲ್ಲದೆ. ಏಜೆಂಟನ ಹೆಸರು ವಿದೇಶಾಂಗ ಸಚಿವಾಲಯದ ಇಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ಇಲ್ಲದಿದ್ದರೆ ಅವನು ಕಾನೂನಿನ ಹೊರಗಿದ್ದಾನೆ ಅಂತ ಅರ್ಥ. 1983ರ ವಲಸೆ ಕಾಯ್ದೆಯಡಿ ದೂರು ಕೊಡಬಹುದು. ಪೊಲೀಸ್ ಠಾಣೆಯಲ್ಲೂ ಕೊಡಬಹುದು, ಇಮೈಗ್ರೇಟ್‌ನಲ್ಲೂ ದಾಖಲಿಸಬಹುದು. ಹಣ ಕೊಟ್ಟ ದಿನದ ಬ್ಯಾಂಕ್ ಪುಟ, ಫೋನ್‌ಪೇ ದಾಖಲೆ, ವಾಟ್ಸ್ಆ್ಯಪ್ ಧ್ವನಿ ಸಂದೇಶ ಎಲ್ಲವೂ ಸಾಕ್ಷಿಯೇ. ಅಳಿಸಬೇಡಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಕಾಸರಕೋಡಿನ ಹುಡುಗ ಅವತ್ತು ಸಹಿ ಹಾಕಲಿಲ್ಲ. ರಾಯಭಾರ ಕಚೇರಿಗೆ ಹೋಗಿ ದೂರು ಕೊಟ್ಟ. ಏಳು ತಿಂಗಳದ್ದು ಪೂರ್ತಿ ಸಿಗಲಿಲ್ಲ, ನಾಲ್ಕು ತಿಂಗಳ ಸಂಬಳ ಸಿಕ್ಕಿತು. ಆಗಸ್ಟ್ ಮೊದಲ ವಾರದಲ್ಲಿ ಮಂಗಳೂರಿಗೆ ಬಂದಿಳಿದ. ಅವನ ಅಮ್ಮ ಮೊನ್ನೆ ಜಗಲಿಗೆ ಬಂದಿದ್ದರು. ಈ ಸಲ ಅವರ ಕೈಯಲ್ಲಿದ್ದದ್ದು ಪಕ್ಕದ ಮನೆಯವರ ಮಗ ಕುವೈತಿನಿಂದ ಕಳಿಸಿದ ಕಾಗದ.